ಹೆಸರು ಹೇಳದೆ ಹೊಗಳಿದ್ದು

ಮೊನ್ನೆ ಟ್ರಂಕನ್ನು ಬಿಸಿಲಿಗೆ ಹಾಕಿದ್ದೆ. ಟ್ರಂಕು ಎಂದ ಕೂಡಲೇ ನೀವು ರೇಷ್ಮೆ ಸೀರೆ, ತವರಿನ ಬೆಳ್ಳಿ ಎಂದೆಲ್ಲ ಎಣಿಸಬೇಡಿ. ಅದರ ತುಂಬ ಇರುವುದು ಶಾಲು, ಅದೂ ಸನ್ಮಾನದ ಶಾಲು. ಎಣಿಸಿದರೆ ಮೂವತ್ತೊಂದು ಆದವು. ಅವುಗಳಲ್ಲಿ ಇಪ್ಪತ್ತೆಂಟಕ್ಕೆ ಒಂದೇ ಬಣ್ಣ, ಒಂದೇ ಅಂಚು. ಹೊದ್ದರೆ ಮೈ ಚುಚ್ಚುತ್ತವೆ, ತೊಳೆದರೆ ಬಣ್ಣ ಬಿಡುತ್ತವೆ, ಯಾರಿಗಾದರೂ ಕೊಡೋಣವೆಂದರೆ ಅವರ ಮನೆಯಲ್ಲೂ ಅವೇ ಇರುತ್ತವೆ. ನಮ್ಮ ಮನೆಯವರು ಒಂದನ್ನು ಮಿಕ್ಸರಿಗೆ ಹೊದಿಸಿದ್ದಾರೆ, ಇನ್ನೊಂದನ್ನು ಸ್ಕೂಟರಿಗೆ. ಅವೂ ಇಷ್ಟು ವರ್ಷ ದುಡಿದಿವೆ, ಅವಕ್ಕೂ ಒಂದು ಸತ್ಕಾರ ಆಗಲಿ ಎನ್ನುವುದು ಅವರ ವಾದ. ಎಲ್ಲವನ್ನೂ ಕೊಡವಿ ಹಗ್ಗದ ಮೇಲೆ ಹಾಕಿದೆ. ತಳದಲ್ಲಿದ್ದ ಒಂದನ್ನು ಮಾತ್ರ ಬಿಚ್ಚಲು ಮನಸ್ಸಾಗದೆ ಮಡಿಕೆಯಲ್ಲೇ ಬಿಸಿಲು ತೋರಿಸಿದೆ. ಅದರ ವಿಷಯವನ್ನೇ ಹೇಳಬೇಕೆಂದು ಕೂತಿದ್ದೇನೆ, ಆದರೆ ನನಗೆ ನೇರವಾಗಿ ಹೇಳುವ ಅಭ್ಯಾಸವಿಲ್ಲ, ಸ್ವಲ್ಪ ತಡೆದುಕೊಳ್ಳಿ.

ನಮ್ಮ ಬೈಲಹೊಂಗಲ, ಸವದತ್ತಿ ಸೀಮೆಯಲ್ಲಿ ಒಬ್ಬ ಮನುಷ್ಯ ಒಳ್ಳೆಯವನೆಂದು ಗೊತ್ತಾದರೆ ಅವನನ್ನು ಸುಮ್ಮನೆ ಬಿಡುವ ಪದ್ಧತಿಯಿಲ್ಲ. ಹಿಡಿದು ತಂದು ಕುರ್ಚಿಯ ಮೇಲೆ ಕೂರಿಸಿ, ಶಾಲು ಹೊದಿಸಿ, ಮಾಲೆ ಹಾಕಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟು, ನಾಲ್ಕು ಜನ ಎದ್ದು ನಿಂತು ಹೊಗಳುತ್ತಾರೆ. ನೌಕರಿ ಮುಗಿದರೆ ಸತ್ಕಾರ, ವರ್ಗವಾಗಿ ಬಂದರೆ ಸತ್ಕಾರ, ವರ್ಗವಾಗಿ ಹೋದರೆ ಇನ್ನೂ ದೊಡ್ಡ ಸತ್ಕಾರ. ಸತ್ಕಾರವನ್ನು ಚೆನ್ನಾಗಿ ಏರ್ಪಡಿಸಿದರು ಎಂದು ಏರ್ಪಡಿಸಿದವರಿಗೂ ಸತ್ಕಾರವಾದದ್ದನ್ನು ನಾನೇ ನೋಡಿದ್ದೇನೆ. ಇಷ್ಟಕ್ಕೆಲ್ಲ ಮಾತಾಡುವವರು ಒಬ್ಬರು ಬೇಕಲ್ಲ? ಬಹಳ ವರ್ಷಗಳಿಂದ ಆ ಒಬ್ಬರು ನಾನು.

ಮೂವತ್ತು ವರ್ಷ ದೊಡವಾಡದ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿದೆ. ಬೈಲಹೊಂಗಲದ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬಂದೆ. ನಿವೃತ್ತಳಾಗಿ ಮೂರು ವರ್ಷವಾಯಿತು. ಆದರೆ ಈ ಕಡೆ ಯಾರನ್ನು ಕೇಳಿದರೂ ನನ್ನ ಪಾಠ ಅವರಿಗೆ ನೆನಪಿಲ್ಲ. ಆ ಭಾಷಣ ಮಾಡುವ ಅಕ್ಕೋರಾ ಎಂದು ಕೇಳುತ್ತಾರೆ. ಶಾಲೆ ಕಲಿಸುವ ಹೆಂಗಸಿಗೆ ನಮ್ಮಲ್ಲಿ ಅಕ್ಕೋರು ಎನ್ನುವುದು ವಾಡಿಕೆ. ಮೈಕ್ ಕಂಡರೆ ನನ್ನ ಗಂಟಲು ತಾನಾಗಿಯೇ ಸರಿಯಾಗುತ್ತದೆ. ಸಂತೆಯಲ್ಲಿ ಮೈಕ್ ಹಚ್ಚಿಕೊಂಡು ಉಳ್ಳಾಗಡ್ಡಿ ಮಾರುವವನನ್ನು ಕಂಡರೂ ಎರಡು ಹೆಜ್ಜೆ ಆ ಕಡೆಗೆ ಹಾಕಿರುತ್ತೇನೆ.

ಈ ಚಟ ಹತ್ತಿದ್ದು ರಾಮದುರ್ಗದಲ್ಲಿ, ನಾನು ಮೂರನೇ ಇಯತ್ತೆಯಲ್ಲಿದ್ದಾಗ. ಶಾಲೆಗೆ ಯಾರೋ ದೊಡ್ಡ ಅಧಿಕಾರಿ ಬರುವವರಿದ್ದರು. ಸ್ವಾಗತ ಭಾಷಣಕ್ಕೆ ನನ್ನನ್ನು ಆರಿಸಿದರು. ಮಲಪ್ರಭೆಯ ದಂಡೆಯಲ್ಲಿ ಅವ್ವ ಬಟ್ಟೆ ಒಗೆಯುವಾಗ ಕಲ್ಲಿನ ಮೇಲೆ ನಿಂತು ಒಂದು ವಾರ ಬಾಯಿಪಾಠ ಮಾಡಿದೆ. ಆ ದಿನ ಎದ್ದು ನಿಂತರೆ ಅರ್ಧ ಮರೆತುಹೋಯಿತು. ಸುಮ್ಮನೆ ನಿಲ್ಲಲು ಹೆದರಿಕೆಯಾಗಿ ಬಾಯಿಗೆ ಬಂದ ಹೊಗಳಿಕೆಯನ್ನೆಲ್ಲ ಹೇಳಿಬಿಟ್ಟೆ. ಅಷ್ಟು ದಪ್ಪ ಮೀಸೆಯ ಮನುಷ್ಯನನ್ನು ನಮ್ಮ ಪಾಲಿನ ಹೆತ್ತ ತಾಯಿ ಎಂದೂ ಕರೆದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕು ಚಪ್ಪಾಳೆ ಹೊಡೆದರು, ಸಾಹೇಬರು ತಾವೇ ಕೆಳಗಿಳಿದು ಬಂದು ಕೈಯಲ್ಲಿ ಎರಡು ಪೇಡೆ ಇಟ್ಟರು. ಆ ಚಪ್ಪಾಳೆಯ ಸಪ್ಪಳ ನನಗೆ ಪೇಡೆಗಿಂತ ಸಿಹಿಯಾಗಿತ್ತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಮನೆಗೆ ಓಡಿ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ನೇಕಾರ. ಕಾಲು ಕುಣಿಯೊಳಗೆ ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದವನು ಲಾಳಿ ನಿಲ್ಲಿಸದೆ ಹೂಂ ಎಂದ, ಅಷ್ಟೆ. ಅವನು ಯಾರನ್ನೂ ಬಾಯಿಬಿಟ್ಟು ಹೊಗಳಿದ್ದನ್ನು ನಾನು ಕೇಳಿಲ್ಲ. ಪಕ್ಕದ ಮನೆಯವರು ಹೊಸ ಸೀರೆ ನೇಯ್ದು ತಂದು ತೋರಿಸಿದರೆ ಅಂಗೈಯನ್ನು ಆ ಅಂಚಿನಿಂದ ಈ ಅಂಚಿನವರೆಗೆ ಒಮ್ಮೆ ಆಡಿಸಿ ತಿರುಗಿ ಕೊಡುತ್ತಿದ್ದ. ತಂದವರ ಮುಖ ಅರಳುತ್ತಿತ್ತು. ನನಗೆ ಅದೇಕೆಂದು ತಿಳಿಯುತ್ತಿರಲಿಲ್ಲ. ನಮ್ಮಪ್ಪನಿಗೆ ಮಾತು ಬಾರದು ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದೆ.

ಈಗ ದಿಲ್ಶಾದಳ ವಿಷಯಕ್ಕೆ ಬರುತ್ತೇನೆ. ದೊಡವಾಡದ ಬಸ್ ಸ್ಟ್ಯಾಂಡಿನ ಎದುರು ಒಂದೇ ಕೋಣೆಯ ಅಂಗಡಿ ಅವಳದು. ಹೆಂಗಸರ ಬಟ್ಟೆ ಹೊಲಿಯುತ್ತಾಳೆ, ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ನಾನು ಆ ಊರಿಗೆ ನೌಕರಿಗೆ ಬಂದ ಮೊದಲ ವಾರವೇ ಬಸ್ಸಿನ ನೂಕಾಟದಲ್ಲಿ ಜಂಪರಿನ ತೋಳು ಹೆಗಲಿನಿಂದ ಹರಿದು ಜೋತಾಡಿತು. ಪ್ರಾರ್ಥನೆಗೆ ಐದು ನಿಮಿಷ ಉಳಿದಿತ್ತು. ಸೆರಗು ಹೊದ್ದುಕೊಂಡು ಅವಳ ಅಂಗಡಿಗೆ ನುಗ್ಗಿದೆ. ಬಿಚ್ಚಿ ಕೊಡುವಷ್ಟು ಹೊತ್ತಿರಲಿಲ್ಲ. ಮೈಮೇಲಿದ್ದಂತೆಯೇ ಹೊಲಿಯುತ್ತೇನೆಂದು ಹೇಳಿ ಸೂಜಿ ತೆಗೆದುಕೊಂಡು, ನನ್ನ ಬಾಯಲ್ಲಿ ಒಂದು ತುಂಡು ದಾರ ಇಟ್ಟಳು. ತೊಟ್ಟ ಬಟ್ಟೆಯನ್ನು ಹೊಲಿಯುವಾಗ ತೊಟ್ಟವರು ಏನಾದರೂ ಕಚ್ಚಿಕೊಂಡಿರಬೇಕು, ಮಾತಾಡಬಾರದು ಎಂಬುದು ನಮ್ಮಲ್ಲಿ ಎಲ್ಲ ಜಾತಿಯವರೂ ಪಾಲಿಸುವ ನೇಮ. ಹೀಗೆ ನಮ್ಮ ಮೊದಲ ಭೇಟಿಯಲ್ಲಿ ನಾನು ಒಂದು ಮಾತನ್ನೂ ಆಡಲಿಲ್ಲ. ನಮ್ಮ ಮನೆಯವರು ಇಂದಿಗೂ ಇದನ್ನು ನಂಬುವುದಿಲ್ಲ.

ಅಂದಿನಿಂದ ಮೂವತ್ತು ವರ್ಷ ಮಧ್ಯಾಹ್ನದ ಊಟ ಅವಳ ಅಂಗಡಿಯಲ್ಲಿ. ನನ್ನ ಡಬ್ಬಿಯ ರೊಟ್ಟಿ, ಅವಳ ಮನೆಯ ಪುಂಡಿಪಲ್ಲೆ. ರಮ್ಜಾನಿಗೆ ಅವಳು ಕ್ಯಾನಿನಲ್ಲಿ ಶಾವಿಗೆಯ ಸುರಕುಂಬಾ ಕಳಿಸಿದರೆ ಅದೇ ಕ್ಯಾನಿನಲ್ಲಿ ಶೇಂಗಾ ಹೋಳಿಗೆ ತಿರುಗಿ ಹೋಗುತ್ತಿತ್ತು. ಮಾತೆಲ್ಲ ನನ್ನದು, ಕೇಳುವುದೆಲ್ಲ ಅವಳದು. ಕೇಳುವಾಗ ಅವಳು ಮಷಿನ್ ತುಳಿಯುವುದನ್ನು ನಿಲ್ಲಿಸುತ್ತಿದ್ದಳು. ಇದು ಸಣ್ಣ ಸಂಗತಿ ಎಂದು ನಿಮಗೆ ಅನಿಸಬಹುದು. ನನ್ನ ಜನ್ಮದಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮಾತು ಕೇಳಿದವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು, ಅದರಲ್ಲೂ ಹೆಬ್ಬೆರಳು ಅವಳದು.

ಅವಳ ಹೊಲಿಗೆಯಲ್ಲಿ ಒಂದು ವಿಶೇಷವಿತ್ತು. ಯಾವ ಜಂಪರು ಹೊಲಿದರೂ ಪಕ್ಕದ ಮಡಿಕೆಯಲ್ಲಿ ಎರಡು ಬೆರಳಗಲ ಅರಿವೆಯನ್ನು ಉಳಿಸುತ್ತಿದ್ದಳು. ನನ್ನ ಮದುವೆಯ ವರ್ಷದ ಜಂಪರನ್ನು ನಾನು ನಿವೃತ್ತಿಯ ದಿನವೂ ತೊಟ್ಟಿದ್ದೇನೆ, ನಾಲ್ಕು ಸಲ ಬಿಚ್ಚಿ ದೊಡ್ಡದು ಮಾಡಿಕೊಟ್ಟಿದ್ದಾಳೆ. ಪ್ರತಿ ಸಲವೂ, ದಪ್ಪಗಾಗಿದ್ದೀರಿ ಎಂದು ಹೇಳದೆ, ಈ ಅರಿವೆ ನೀರಿಗೆ ಹಾಕಿದರೆ ಸೇದಿಕೊಂಡು ಬಿಗಿಯಾಗುತ್ತದೆ ಎಂದು ಹೇಳಿದ್ದಾಳೆ. ಒಮ್ಮೆ ಮಕ್ಕಳನ್ನು ಕಿತ್ತೂರು ಕೋಟೆ, ದೇಗಾಂವದ ಗುಡಿ ನೋಡಲು ಕರೆದೊಯ್ದಾಗ ಹೆಣ್ಣುಮಕ್ಕಳ ಕಾಳಜಿಗೆಂದು ಅವಳನ್ನೂ ಕರೆದುಕೊಂಡಿದ್ದೆ. ದೇಗಾಂವದಲ್ಲಿ ನಾನು ಮೆಟ್ಟಿಲ ಮೇಲೆ ನಿಂತು ಅರ್ಧ ತಾಸು ಇತಿಹಾಸ ಹೇಳಿದೆ. ಅವಳು ಒಂದು ಕಂಬದ ಸುತ್ತ ಕೈಯಾಡಿಸುತ್ತ ನಿಂತಿದ್ದಳು. ಹೇಗಿದೆ ಎಂದು ಕೇಳಿದರೆ, "ಭಾಳ ಸಮಾಧಾನದಿಂದ ಮಾಡ್ಯಾರ್ರಿ" ಎಂದಳು. ನನ್ನ ಅರ್ಧ ತಾಸಿನಲ್ಲಿ ಆ ಮಾತು ಬಂದಿರಲಿಲ್ಲ.

ನನಗೆ ಅವಳ ಮೇಲೆ ಬರೀ ಪ್ರೀತಿಯಲ್ಲ, ಅಭಿಮಾನ. ಈ ಎರಡೂ ಒಂದೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಪ್ರೀತಿ ಇದ್ದವರು ಪಕ್ಕದಲ್ಲಿ ಕೂತರೆ ಸಾಕೆನಿಸುತ್ತದೆ. ಅಭಿಮಾನಕ್ಕೆ ಅಷ್ಟು ಸಾಲದು, ನಾಲ್ಕು ಜನರಿಗೆ ಹೇಳಬೇಕು ಎಂದು ನಾಲಿಗೆ ತುರಿಸುತ್ತದೆ. ನನ್ನಂಥವಳ ನಾಲಿಗೆಯಂತೂ ಕೇಳಲೇಬೇಡಿ.

ನಿವೃತ್ತಿಯಾದ ಮೇಲೂ ಹದಿನೈದು ದಿನಕ್ಕೊಮ್ಮೆ ಶನಿವಾರ ಅವಳಲ್ಲಿಗೆ ಹೋಗುತ್ತಿದ್ದೆ. ಹೋದ ವರ್ಷ ಒಂದು ಸಲ ಏನೋ ಕೆಲಸವಿದ್ದು ಮಂಗಳವಾರ ಹೋದೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ತಳ್ಳಿದರೆ ಒಳಗೆ ದಿಲ್ಶಾದ, ಅವಳ ಎದುರು ಚಾಪೆಯ ಮೇಲೆ ಪಾರವ್ವ. ಪಾರವ್ವ ಊರಿನ ಮಹಿಳಾ ಮಂಡಳದ ಅಧ್ಯಕ್ಷೆ, ಅರವತ್ತೈದು ದಾಟಿದವಳು. ಊರಿನ ಗಟಾರ ಕಟ್ಟಿಸಿದ್ದು, ಅಂಗನವಾಡಿಗೆ ನೀರಿನ ನಲ್ಲಿ ತರಿಸಿದ್ದು ಅವಳ ಬಾಯಿಯ ಜೋರು. ಪಂಚಾಯ್ತಿಯ ಗಂಡಸರು ಅವಳು ಬಂದರೆ ಬೀಡಿ ಆರಿಸುತ್ತಾರೆ. ಆ ಪಾರವ್ವನ ತೊಡೆಯ ಮೇಲೆ ಒಂದು ತುಂಡು ಕರೀ ಅರಿವೆ ಹರಡಿತ್ತು. ಬಟ್ಟೆಗೆ ಗುರುತು ಹಾಕುವ ಬಿಳಿ ಖಡುವಿನಿಂದ ಅವಳು ಅದರ ಮೇಲೆ ಬರೆಯುತ್ತಿದ್ದದ್ದು, ಕಿತ್ತೂರು. ನನ್ನನ್ನು ಕಂಡವಳೇ ಅಂಗೈಯಿಂದ ಒರೆಸಿಬಿಟ್ಟಳು.

ಆಗ ತಿಳಿಯಿತು. ಪಾರವ್ವನಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆಟ್ಟಿನ ಬದಲು ಸಹಿ ಮಾಡಲು ಯಾರೋ ಕಲಿಸಿದ್ದರು, ಅದೊಂದೇ. ಕಾಗದ ಯಾವುದು ಬಂದರೂ, ಚಾಳೀಸು ಮರೆತು ಬಂದೆ, ನೀನೇ ಓದವ್ವ ಎಂದು ಪಕ್ಕದವರ ಕೈಗೆ ಕೊಡುತ್ತಿದ್ದಳು. ಮಂಡಳದ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಓದಬೇಕಾದ ವರದಿಯನ್ನು ಒಂಬತ್ತು ವರ್ಷ ಹೀಗೆಯೇ ಕಾರ್ಯದರ್ಶಿ ಸವಿತಾಳಿಂದ ಓದಿಸಿದ್ದಳು. ಒಂದು ದಿನ ಅಂಗಡಿಯಲ್ಲಿ ಕೂತು ಹರಟುವಾಗ ಪಾರವ್ವ ದಿಲ್ಶಾದಳ ಕೈಯಿಂದ ಸೂಜಿ ತೆಗೆದುಕೊಂಡು ಒಂದೇ ಸಲಕ್ಕೆ ದಾರ ಪೋಣಿಸಿದ್ದಳು. ಕನ್ನಡಕ ಇಲ್ಲದೆ ಅಕ್ಷರ ಕಾಣದವರಿಗೆ ಸೂಜಿಯ ಕಣ್ಣು ಹೇಗೆ ಕಂಡಿತು? ದಿಲ್ಶಾದ ಆಗ ಏನೂ ಅನ್ನಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ, ತಾನು ಏಳನೆಯವರೆಗೆ ಕಲಿತಿದ್ದೇನೆ, ಬರುವಷ್ಟನ್ನು ಹೇಳಿಕೊಡಲೇ ಎಂದು ಕೇಳಿದ್ದಳು.

ಮೂವತ್ತು ವರ್ಷ ಅದೇ ಊರಿನ ಅಕ್ಕೋರಾಗಿದ್ದ ನನಗೆ ಇದು ಕಂಡಿರಲಿಲ್ಲ. ಕರೀ ಅರಿವೆ ಏಕೆಂದರೆ ಪಾಟಿ, ಪುಸ್ತಕ ಕೈಯಲ್ಲಿದ್ದರೆ ಜನ ನೋಡುತ್ತಾರೆ, ಅರಿವೆಯನ್ನು ಝಾಡಿಸಿದರೆ ಮುಗಿಯಿತು. ಮಂಗಳವಾರ ಏಕೆಂದರೆ ಆ ದಿನ ಹುಡುಗಿಯರ ಹೊಲಿಗೆ ಕ್ಲಾಸಿಗೆ ರಜೆ. ಪಾರವ್ವ ಪ್ರತಿ ಮಂಗಳವಾರ ಜಂಪರಿನ ಅಳತೆ ಕೊಡಲು ಹೋಗುತ್ತಾಳೆಂದು ಊರೆಲ್ಲ ತಿಳಿದಿತ್ತು, ಈ ವಯಸ್ಸಿನಲ್ಲಿ ಪಾರವ್ವನಿಗೆ ಎಷ್ಟು ಜಂಪರು ಬೇಕೋ ಎಂದು ಚೇಷ್ಟೆಯನ್ನೂ ಮಾಡುತ್ತಿತ್ತು. ಮುಂದಿನ ವಾರ್ಷಿಕ ಸಭೆಯಲ್ಲಿ ವರದಿಯನ್ನು ತಾನೇ ಓದಬೇಕು ಎಂಬುದು ಅವಳ ಹಟ. ಇಷ್ಟು ದಿನ ಬರುತ್ತಿರಲಿಲ್ಲ ಎಂಬುದು ಯಾರಿಗೂ ಗೊತ್ತಾಗದಂತೆ, ಎದ್ದು ನಿಂತು ಸಲೀಸಾಗಿ ಓದಿ ಕೂತುಬಿಡಬೇಕು. ಇನ್ನು ನಾಲ್ಕು ತಿಂಗಳಿತ್ತು.

"ಅಕ್ಕೋರ, ಇದು ಈ ಖೋಲ್ಯಾಗ ಇರ್ಲಿ" ಎಂದಳು ಪಾರವ್ವ. ನಾನು ತಲೆಯಾಡಿಸಿದೆ. ಬಸ್ಸಿನಲ್ಲಿ ತಿರುಗಿ ಬರುವಾಗ ದಿಲ್ಶಾದಳನ್ನು ನೆನೆದು ಕಣ್ಣು ತುಂಬಿ ಬಂತು. ಕಂಡಕ್ಟರ್ ಯಾರಾದರೂ ತೀರಿಕೊಂಡರೇ ಎಂದು ಕೇಳಿದ.

ಎರಡು ತಿಂಗಳ ನಂತರ ಮಂಡಳದವರು ದಿಲ್ಶಾದಳಿಗೆ ಒಂದು ಸತ್ಕಾರ ಇಟ್ಟುಕೊಂಡರು, ಊರಿನ ಅಷ್ಟೂ ಹುಡುಗಿಯರಿಗೆ ಹೊಲಿಗೆ ಕಲಿಸಿದ್ದಕ್ಕಾಗಿ. ಅವಳು ಬೇಡವೆಂದು ಎಷ್ಟೋ ಹೇಳಿದಳು. ಒಪ್ಪಿಸಿದವಳು ನಾನೇ. ಅಭಿನಂದನೆಯ ನುಡಿ ನನ್ನದು, ಅಧ್ಯಕ್ಷತೆ ಪಾರವ್ವನದು. ನಾನು ಒಂದು ವಾರ ತಯಾರಿ ಮಾಡಿದೆ. ಮಾತು ಚೆನ್ನಾಗಿಯೇ ನಡೆದಿತ್ತು. ಹರಿದ ತೋಳಿನ ಕಥೆ ಹೇಳಿದೆ, ನಕ್ಕರು. ಹುಡುಗಿಯರ ಹೆಸರು ಒಂದೊಂದೇ ಹೇಳಿದೆ, ಚಪ್ಪಾಳೆ ಬಿತ್ತು. ಅಲ್ಲಿಗೆ ಕೂತಿದ್ದರೆ ಆಗಿತ್ತು. ದಿಲ್ಶಾದ ತಲೆ ತಗ್ಗಿಸಿ ಕೂತಿದ್ದಳು. ಇವಳು ಎಷ್ಟು ದೊಡ್ಡವಳೆಂದು ಈ ಜನಕ್ಕೆ ಗೊತ್ತೇ ಇಲ್ಲವಲ್ಲ ಎಂದು ನನ್ನ ಎದೆ ಉಬ್ಬಿ ಬಂತು. ಈಕೆ ಬರೀ ಬಟ್ಟೆ ಹೊಲಿಯುವವಳಲ್ಲ, ನಿಮ್ಮ ಊರಿನ ಒಬ್ಬ ಹಿರಿಯ ಜೀವಕ್ಕೆ, ಸಮಾಜಸೇವೆ ಮಾಡಿದರೂ ಅಕ್ಷರ ಕಾಣದೆ ಕೊರಗುತ್ತಿದ್ದ ತಾಯಿಗೆ, ಪ್ರತಿ ಮಂಗಳವಾರ ತನ್ನ ಮಷಿನ್ನಿನ ಮುಂದೆ ಅಕ್ಷರ ಕಲಿಸುತ್ತಿದ್ದಾಳೆ ಎಂದುಬಿಟ್ಟೆ. ಹೆಸರು ಹೇಳಲಿಲ್ಲ. ಹೇಳದೆ ಇರುವಷ್ಟು ಜಾಣತನ ನನಗಿದೆ ಎಂದು ಆ ಗಳಿಗೆಯಲ್ಲಿ ಹೆಮ್ಮೆಯೂ ಆಯಿತು.

ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನ ಹೆಂಗಸರು ನನ್ನನ್ನು ಬಿಟ್ಟು ನನ್ನ ಬಲಕ್ಕೆ ನೋಡತೊಡಗಿದರು, ಆಮೇಲೆ ಹಿಂದಿನ ಸಾಲಿನವರು, ಆಮೇಲೆ ಎಲ್ಲರೂ. ಬಲಕ್ಕೆ ಅಧ್ಯಕ್ಷರ ಕುರ್ಚಿಯಿತ್ತು. ಪಾರವ್ವ ಸೆರಗು ಸರಿಮಾಡಿಕೊಂಡಳು, ಅಷ್ಟೆ. ನಾನು ಹೇಗೋ ಮುಗಿಸಿ ಕೂತೆ. ಕಾರ್ಯಕ್ರಮ ನಿಲ್ಲಲಿಲ್ಲ. ಪಾರವ್ವ ಎದ್ದು ದಿಲ್ಶಾದಳಿಗೆ ಶಾಲು ಹೊದಿಸಿದಳು. ಆಮೇಲೆ ಪಟ್ಟಿಯಲ್ಲಿದ್ದ ಪ್ರಕಾರ ನನಗೂ ಹೊದಿಸಿದಳು. ಟ್ರಂಕಿನ ತಳದಲ್ಲಿ ಮಡಿಕೆ ಬಿಚ್ಚದೆ ಇಟ್ಟಿರುವುದು ಆ ಶಾಲನ್ನೇ.

ದಿಲ್ಶಾದ ನನ್ನನ್ನು ಬಸ್ಸಿಗೆ ಮುಟ್ಟಿಸಲು ಬಂದಳು. ದಾರಿಯಲ್ಲಿ ನಾನು, ಹೆಸರು ಹೇಳಿಲ್ಲ, ಹೆಸರು ಹೇಳಿಲ್ಲ ಎಂದು ನಾಲ್ಕು ಸಲ ಅಂದೆ. ಬಸ್ಸು ಬಂದಾಗ ಅವಳು ನನ್ನ ಚೀಲವನ್ನು ಕೈಗೆ ಕೊಟ್ಟಳು. "ನನ್ನ ದೊಡ್ಡಾಕಿ ಮಾಡಾಕ ಹೋಗಿ ಆಕಿನ್ನ ಸಣ್ಣಾಕಿ ಮಾಡಿದ್ರೆಲ್ರಿ ಅಕ್ಕೋರ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮನೆಯಲ್ಲಿ ಗಂಡನ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವರು ಪೇಪರು ಕೆಳಗಿಟ್ಟು ಕೇಳಿದರು. ನೀನು ಹೆಸರು ಹೇಳಲಿಲ್ಲ ನಿಜ, ವಿಳಾಸ ಹೇಳಿದೆ ಎಂದರು. ಆ ರಾತ್ರಿ ನನಗೆ ಅವರ ಮೇಲೆ ಸಿಟ್ಟು ಬಂತು, ಅವರು ಹೇಳಿದ್ದು ಸರಿಯಿತ್ತಲ್ಲ, ಅದಕ್ಕೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ದಿಲ್ಶಾದ ಜಗಳವಾಡಲಿಲ್ಲ, ಫೋನು ತೆಗೆಯದೆ ಇರಲಿಲ್ಲ. ನಾನು ಮಾಡಿದರೆ ತೆಗೆಯುತ್ತಿದ್ದಳು. ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು. ಹಿಂದೆ ನಿಲ್ಲದೆ ಮಷಿನ್ನಿನ ಸಪ್ಪಳ ಕೇಳುತ್ತಿತ್ತು. ತಾನಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಶನಿವಾರ ಬಂದರೆ ಸೀರೆ ಉಟ್ಟು, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ದೊಡವಾಡದ ಬಸ್ಸು ಹೋಗುವುದನ್ನು ನೋಡಿ, ತರಕಾರಿ ಕೊಂಡು ತಿರುಗಿ ಬರುತ್ತಿದ್ದೆ. ಸಂಬಂಧಿಕರೊಡನೆ ಮಾತು ಬಿಟ್ಟರೆ ಯಾರಾದರೂ ನಡುವೆ ಬಂದು ಕೂಡಿಸುತ್ತಾರೆ, ಮದುವೆ ಮುಂಜಿಯಲ್ಲಿ ಎದುರಾಗುತ್ತೇವೆ. ಗೆಳತಿಯೊಡನೆ ಬಿಟ್ಟರೆ ಕೂಡಿಸಲು ಯಾರಿಗೂ ಹಕ್ಕಿಲ್ಲ, ನಾವೇ ಹೋಗಬೇಕು. ಮೂವತ್ತು ವರ್ಷದಲ್ಲಿ ಅವಳಿಲ್ಲದೆ ನಾನು ಎಷ್ಟು ಒಬ್ಬಳೆಂಬುದು ನನಗೆ ಗೊತ್ತೇ ಇರಲಿಲ್ಲ. ಯಾವುದೋ ಸತ್ಕಾರಕ್ಕೆ ಮಾತಾಡಲು ಕರೆಯಲು ಬಂದವರಿಗೆ ಗಂಟಲು ನೋವೆಂದು ಹೇಳಿ ಕಳಿಸಿದೆ. ನಮ್ಮ ಮನೆಯವರು ಗಾಬರಿಯಾಗಿ ಥರ್ಮಾಮೀಟರ್ ತಂದರು.

ಐದನೆಯ ವಾರ ಧೈರ್ಯ ಮಾಡಿ ಪಾರವ್ವನ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಬರ್ರಿ ಎಂದಳು, ಚಹಾ ಇಡಲು ಸೊಸೆಗೆ ಹೇಳಿದಳು, ಕೈ ನಿಲ್ಲಿಸಲಿಲ್ಲ. ನಾನು ಬರುವ ದಾರಿಯಲ್ಲಿ ಕ್ಷಮಾಪಣೆಗೂ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಅದು ಬಾಯಿಗೆ ಬರಲಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಿದೆ.

ಪಾರವ್ವ ಬಹಳ ಹೊತ್ತು ಕಲ್ಲು ಆರಿಸಿದಳು. ಆಮೇಲೆ ನನ್ನ ಕಡೆ ನೋಡದೆ ಒಂದು ಸಂಗತಿ ಹೇಳಿದಳು. ಬಹಳ ವರ್ಷಗಳ ಹಿಂದೆ ಕಿತ್ತೂರಿನಲ್ಲಿ ಅವಳ ತಂಗಿಯ ಮಗಳ ನಿಶ್ಚಯವಿತ್ತು. ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಬಸ್ಸು ಯಾವುದೆಂದು ಕೇಳಬೇಕೆಂದರೆ ಅಂದು ಎದುರಿಗೆ ಊರಿನವರೇ ನಾಲ್ಕು ಜನ ನಿಂತಿದ್ದರು. ಅವರ ಮುಂದೆ ಕೇಳಲು ನಾಚಿ, ಬೋರ್ಡು ನೋಡಿದವಳಂತೆ ಮಾಡಿ ಎದುರಿಗಿದ್ದ ಬಸ್ಸು ಹತ್ತಿದಳು. ಹಿಂದಿನ ಸೀಟಿನಲ್ಲಿ ಕೂತು ಊರು ಹೇಳದೆ ಟಿಕೆಟಿಗೆ ದೊಡ್ಡ ನೋಟು ಕೊಟ್ಟಳು, ಕಂಡಕ್ಟರ್ ಕೊನೆಯ ಸ್ಟಾಪಿನ ಟಿಕೆಟು ಕೊಟ್ಟ. ಇಳಿದರೆ ಸವದತ್ತಿ. ತಿರುಗಿ ಕಿತ್ತೂರು ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಗುಡ್ಡಕ್ಕೆ ಹೋಗಿ ಎಲ್ಲಮ್ಮನಿಗೆ ಕೈಮುಗಿದು, ಅರಿಷಿಣದ ಭಂಡಾರ ಕಟ್ಟಿಸಿಕೊಂಡು ಊರಿಗೆ ಬಂದಳು. ತಾಯಿ ಕನಸಿನಲ್ಲಿ ಬಂದು ಕರೆದಳು, ನಿಶ್ಚಯ ಬಿಟ್ಟು ಹೋಗಬೇಕಾಯಿತು ಎಂದು ಮನೆಮನೆಗೆ ಭಂಡಾರ ಹಂಚಿದಳು. ಜನ ಅವಳ ಕಾಲಿಗೆ ಬಿದ್ದರು. ತಂಗಿ ಮಾತ್ರ ಎರಡು ವರ್ಷ ಮಾತು ಬಿಟ್ಟಿದ್ದಳು.

ಹೇಳುತ್ತ ಅವಳೇ ನಕ್ಕಳು, ನಾನೂ ನಕ್ಕೆ, ಆಮೇಲೆ ಇಬ್ಬರಿಗೂ ನಗು ನಿಂತಿತು. ಆ ಸಭೆಯ ಮರುದಿನದಿಂದ ತಾನು ಮಂಗಳವಾರ ಹೋಗುವುದನ್ನು ಬಿಟ್ಟಿದ್ದೇನೆ, ವಾರ್ಷಿಕ ಸಭೆಯಲ್ಲಿ ಅಧ್ಯಕ್ಷತೆಯನ್ನೂ ಬಿಟ್ಟುಕೊಡುತ್ತೇನೆ ಎಂದಳು. ಕಲಿತದ್ದು ಯಾರಿಗೂ ಗೊತ್ತಾಗಬಾರದೆಂದು ಕಲಿಯುತ್ತಿದ್ದೆ, ಈಗ ಯಾರಿಗಾಗಿ ಕಲಿಯಲಿ ಎಂದಳು. ನನ್ನ ಮಾಸ್ತರಿಕೆ ತಡೆಯಲಾಗಲಿಲ್ಲ. ಇನ್ನೂ ಒಂದು ತಿಂಗಳ ಸಮಯವಿದೆ, ದಿನವೂ ನಾನೇ ಬಂದು ಕಲಿಸುತ್ತೇನೆ, ಮೂವತ್ತು ವರ್ಷದ ಅನುಭವವಿದೆ ಎಂದೆ.

ಪಾರವ್ವನ ಕೈ ಆಗ ಮೊರದ ಮೇಲೆ ನಿಂತಿತು. "ಮೂವತ್ತ ವರ್ಷ ನಿಮ್ಮ ಸಾಲಿ ಮುಂದನ ಹಾದೇನ್ರಿ ನಾ" ಎಂದಳು. "ನೀವು ಒಂದ ದಿನಾನೂ ಕೇಳಲಿಲ್ಲ. ಆಕಿ ಕೇಳಿದ್ಲು."

ಚಹಾ ಬಂತು. ಕುಡಿದು ಏಳುವಾಗ, ಸಭೆಗೆ ಬನ್ನಿ, ಬಂದು ಸುಮ್ಮನೆ ಕುಳಿತುಕೊಳ್ಳಿ ಎಂದಳು. ಅದು ಕ್ಷಮೆಯೋ ಶಿಕ್ಷೆಯೋ ತಿಳಿಯದೆ ಬಸ್ಸು ಹತ್ತಿದೆ.

ಸಭೆಯ ದಿನ ಬೇಗ ಹೋದೆ. ಶಾಲೆಯ ಹಿಂದಿನ ಸಮುದಾಯ ಭವನದಲ್ಲಿ ನೂರು ಹೆಂಗಸರಾದರೂ ಇದ್ದರು. ಪಾರವ್ವ ಬಿಟ್ಟುಕೊಡುತ್ತಾಳಂತೆ ಎಂಬ ಸುದ್ದಿ ಎಲ್ಲರ ಬಾಯಲ್ಲಿತ್ತು. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ದಿಲ್ಶಾದ ಕೂತಿದ್ದಳು. ಪಕ್ಕದಲ್ಲಿ ಜಾಗವಿತ್ತು. ಕೂರಲೋ ಬೇಡವೋ ಎಂದು ನಿಂತೆ. ಅವಳು ಮುಂದೆ ನೋಡುತ್ತಲೇ ಚಾಪೆಯ ಮೇಲಿದ್ದ ತನ್ನ ಚೀಲವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಕೂತೆ.

ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ವರದಿ ಓದುವ ಹೊತ್ತಿಗೆ ಸವಿತಾ ರೂಢಿಯಂತೆ ಎದ್ದು ಅಧ್ಯಕ್ಷರ ಕಡೆ ಕೈ ಚಾಚಿದಳು. ಪಾರವ್ವ ಕಾಗದ ಕೊಡಲಿಲ್ಲ. ತಾನೇ ಎದ್ದು ನಿಂತಳು. ಮೈಕನ್ನು ಪಕ್ಕಕ್ಕೆ ಸರಿಸಿ, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದಳು. ಸಲೀಸಾಗಿ ಬರುವಷ್ಟು ಅವಳು ಕಲಿತಿರಲಿಲ್ಲ, ನಡುವೆ ಎರಡು ತಿಂಗಳು ಪಾಠವೂ ಇಲ್ಲ. ಓದಿದರೆ ಊರೆಲ್ಲ ಕೇಳಿದ್ದು ಖರೆ ಎಂದು ಆಗುತ್ತದೆ, ಓದದಿದ್ದರೂ ಆಗುತ್ತದೆ. ಅವಳನ್ನು ಹೀಗೆ ನಿಲ್ಲಿಸಿದವಳು ನಾನು.

ಅವಳು ಓದಿದಳು. ಒಂದೊಂದೇ ಅಕ್ಷರ, ಒಂದೊಂದೇ ಒತ್ತು, ಒಂದನೆಯ ಇಯತ್ತೆಯ ಮಗು ಓದುವ ಹಾಗೆ. ಅಂಗನವಾಡಿಯ ನಲ್ಲಿ, ಕಣ್ಣು ತಪಾಸಣೆ, ದಾರಿ ಬದಿಯ ಬೇವಿನ ಸಸಿ. ಒಂದು ಪು‌ಟಕ್ಕೆ ಹತ್ತು ನಿಮಿಷ ಹಿಡಿಯಿತು. ಯಾರೂ ಕೆಮ್ಮಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡು ಮತ್ತೆ ಸುಮ್ಮನಾದರು. ಎರಡನೆಯ ಪುಟದ ನಡುವೆ ಅವಳು ನಿಂತಳು. ಸ್ವ, ಎಂದಳು. ಮತ್ತೆ ಸ್ವ, ಎಂದಳು. ಆ ಮಾತು ಸ್ವಚ್ಛತಾ ಎಂದು ನೂರು ಜನಕ್ಕೂ ಗೊತ್ತು, ಹಿಂದಿನ ವಾಕ್ಯದಲ್ಲಿ ಕಸದ ಡಬ್ಬಿಯ ವಿಷಯ ಬಂದಿತ್ತು. ನನ್ನ ತುಟಿಯ ತುದಿಗೆ ಬಂದು ನಿಂತಿತು. ಮಗು ತಡವರಿಸಿದರೆ ಎತ್ತಿ ಕೊಡುವುದೇ ಮೂವತ್ತು ವರ್ಷ ನನ್ನ ಕೆಲಸವಾಗಿತ್ತು, ಬಾಯಿ ತಾನಾಗಿ ತೆರೆಯುತ್ತಿತ್ತು. ಆಗ ದಿಲ್ಶಾದಳ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಗಟ್ಟಿಯಾಗಿ ಹಿಡಿಯಿತು.

ಎದುರಿಗೆ ಯಾರೋ ಒಬ್ಬಳು ಹೇಳಿಕೊಡಲು ಬಾಯಿ ಹಾಕಿದಳು. ಪಾರವ್ವ ಕಾಗದದಿಂದ ಕಣ್ಣೆತ್ತದೆ, "ತಡೀರಿ" ಎಂದಳು. "ಇದು ಜೋಡಕ್ಷರ ಐತಿ. ಹೋದ ತಿಂಗಳ ಕಲ್ತೇನಿ."

ಹೋದ ತಿಂಗಳು. ಎಂದರೆ ನಾನು ಬಂದು ಹೋದ ಮೇಲೆ ಅವಳು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಎಲ್ಲರಿಗೂ ಗೊತ್ತಿದ್ದೂ, ಎಲ್ಲರೂ ನೋಡುತ್ತಿರುವಾಗಲೇ. ಇದನ್ನು ದಿಲ್ಶಾದ ಫೋನಿನಲ್ಲಿ ನನಗೆ ಹೇಳಿರಲಿಲ್ಲ.

ನೂರು ಹೆಂಗಸರು ಒಂದು ಅಕ್ಷರಕ್ಕಾಗಿ ಕಾಯುತ್ತ ಕೂತೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಪಾರವ್ವನ ಬೆರಳು ಕಾಗದದ ಮೇಲೆ ಹಿಂದೆ ಹೋಯಿತು, ಮುಂದೆ ಬಂತು. ಸ್ವ, ಚ್ಛ, ಎಂದಳು. ಒಂದು ಸಲ ತನ್ನೊಳಗೇ ಅಂದುಕೊಂಡಳು. ಆಮೇಲೆ ತಲೆಯೆತ್ತಿ, ಇಡೀ ಮಾತನ್ನು ಒಟ್ಟಿಗೆ, ದೊಡ್ಡ ದನಿಯಲ್ಲಿ ಓದಿದಳು. ಓದಿ ನಿಲ್ಲದೆ ಮುಂದಿನ ಸಾಲಿಗೆ ಹೋದಳು.

ದಿಲ್ಶಾದ ನನ್ನ ಕಡೆ ತಿರುಗಿದಳು.

"ಉಸುರ ಬಿಡ್ರಿ ಅಕ್ಕೋರ" ಎಂದಳು.

ಎರಡು ತಿಂಗಳಲ್ಲಿ ಅವಳು ತಾನಾಗಿ ನನಗೆ ಆಡಿದ ಮೊದಲ ಮಾತು ಅದು. ಬಿಟ್ಟೆ.